ಬಾಟಲಿಯ ಬಸಳೆ

ಇನ್ನಂಜೆಯ ನಮ್ಮ ಮನೆಯನ್ನು ತಮ್ಮ ವ್ಯಾಲೆಂಟೈನ್ ಮಾರಿದ್ದು ಎಂಬತ್ತಮೂರರ ಮೇ ತಿಂಗಳಲ್ಲಿ. ಅಮ್ಮ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕಾಗದಕ್ಕೆ ಸಹಿ ಹಾಕಿ, ಅವನ ಮುಖವನ್ನೂ ನೋಡದೆ ಹಿತ್ತಲಿಗೆ ಹೋಗಿ, ಅಮ್ಮನ ಬಸಳೆ ಚಪ್ಪರದಿಂದ ಆರು ತುಂಡು ಮುರಿದುಕೊಂಡೆ. ಆ ಮನೆಯಿಂದ ನನಗೆ ಬೇಕಾದದ್ದು ಅಷ್ಟೇ.

ನಾನು ಡುಲ್ಸಿನ್. ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಲವತ್ತಾರು ವರ್ಷ, ಮದುವೆಯಾಗಿಲ್ಲ. ಯಾಕೆಂದು ಕೇಳುವವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ನಾಲಿಗೆ ಹರಿತವಾಗಿದೆ. ಉಡುಪಿಯಲ್ಲಿ ಬೀಪಾತುಮ್ಮನವರ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಬೀಪಾತುಮ್ಮ ಒಳ್ಳೆಯವರು, ಆದರೆ ಒಂದು ಷರತ್ತು: ಮೇಲೆ ಮಣ್ಣು ತರಬಾರದು. ಹಿಂದೆ ಇದ್ದವರ ಹೂಕುಂಡದಿಂದ ಮಳೆಗಾಲವಿಡೀ ಕೆಂಪು ನೀರು ಇಳಿದು ಸುಣ್ಣದ ಗೋಡೆ ಹಾಳಾಗಿತ್ತಂತೆ.

"ಗಿಡ ಬೇಕಾದರೆ ಬಾಟಲಿಯಲ್ಲಿ ಇಡಿ," ಎಂದರು.

ಇಟ್ಟೆ. ಆರು ಹಾರ್ಲಿಕ್ಸ್ ಬಾಟಲಿ, ಆರು ತುಂಡು, ಕಿಟಕಿಯಲ್ಲಿ ಸಾಲಾಗಿ. ವಾರದೊಳಗೆ ಬಿಳಿ ಬೇರು ಬಂತು. ಆ ದಿನ ಕೋಣೆಯಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಕೇಳಿಸಿಕೊಂಡವರು ಯಾರೂ ಇಲ್ಲವೆಂದು ಆಮೇಲೆ ಬೇಜಾರಾಯಿತು.

ಬರೀ ನೀರಿನಲ್ಲಿ ಗಿಡ ಎಷ್ಟು ದಿನ ಬದುಕೀತು? ಬಸಳೆಗೆ ಎಂತ ಹಾಕಬೇಕೆಂದು ನಮ್ಮೂರಿನಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಮೀನು ತೊಳೆದ ನೀರು! ಅಮ್ಮ ಬಂಗುಡೆ ತೊಳೆದ ನೀರನ್ನು ಒಂದು ಹನಿ ಚೆಲ್ಲದೆ ಬುಡಕ್ಕೆ ಸುರಿಯುತ್ತಿದ್ದಳು. ನಾನೂ ಬೂತಾಯಿ ತೊಳೆದ ನೀರನ್ನು ಆರು ಬಾಟಲಿಗೂ ಹಂಚಿದೆ. ನಾಲ್ಕನೆಯ ದಿನಕ್ಕೆ ಐದು ಕೊಳೆತವು. ಆರನೆಯದರಲ್ಲಿ ಒಂದೇ ಒಂದು ಬೇರು ಬಿಳಿಯಾಗಿ ಉಳಿದಿತ್ತು. ನಾತ ಕೆಳಗಿನ ಮನೆಗೂ ಇಳಿಯಿತು.

ಮೂಗು ಮುಚ್ಚಿಕೊಂಡು ಮೇಲೆ ಬಂದವನು ಬೀಪಾತುಮ್ಮನವರ ಮಗ ಕಾಸಿಂ. ಅಬುಧಾಬಿಯಿಂದ ಎರಡು ತಿಂಗಳ ರಜೆಯಲ್ಲಿ ಬಂದಿದ್ದ.

"ಎಂತ ಬಾಯಮ್ಮ ಇದು, ಸತ್ತದ್ದು ಯಾವುದು? ಇಲಿಯಾ?"

"ನನ್ನ ಅಮ್ಮನ ಬಸಳೆ," ಎಂದೆ.

ಅವನು ನಗಲಿಲ್ಲ. ಉಳಿದ ಒಂದನ್ನು ಬೆಳಕಿಗೆ ಹಿಡಿದು ನೋಡಿದ. "ಮೀನಿನ ನೀರನ್ನು ಜೀರ್ಣ ಮಾಡಿ ಗಿಡಕ್ಕೆ ಕೊಡುವುದು ಮಣ್ಣು. ಇಲ್ಲಿ ಮಣ್ಣೇ ಇಲ್ಲ, ಅಲ್ವಾ? ನಾನು ಅಲ್ಲಿ ಕೆಲಸ ಮಾಡುವುದು ಇಂಥದ್ದೇ ತೋಟದಲ್ಲಿ ಮಾರಾಯ್ರೇ. ಸುತ್ತ ಬರೀ ಮರಳು. ಸೌತೆಯೆಲ್ಲ ನೀರಿನಲ್ಲೇ ಬೆಳೆಸುವುದು."

ಕಪ್ಪಾದ ಬೇರುಗಳನ್ನು ಕತ್ತರಿಸಿದ. ಬೆಳಕು ಬಿದ್ದರೆ ನೀರು ಪಾಚಿ ಕಟ್ಟುತ್ತದೆಂದು ನನ್ನ ಆಫೀಸಿನ ಹಳೆಯ ಕಾರ್ಬನ್ ಪೇಪರನ್ನು ಬಾಟಲಿಗೆ ಸುತ್ತಿಸಿದ. ಬೇರಿಗೂ ಉಸಿರಾಡಲಿಕ್ಕುಂಟು, ಕಂಠದವರೆಗೆ ನೀರು ತುಂಬಬಾರದು. ವಾರಕ್ಕೊಮ್ಮೆ ನೀರು ಬದಲಿಸಬೇಕು. ಗದ್ದೆಗೆ ಹಾಕುವ ರಾಸಾಯನಿಕ ಗೊಬ್ಬರ, ಒಂದು ಕೊಡ ನೀರಿಗೆ ಒಂದೇ ಚಿಟಿಕೆ.

"ಪ್ರೀತಿ ಅಂತ ಎರಡು ಚಿಟಿಕೆ ಹಾಕಬೇಡಿ ಮತ್ತೆ!"

ಎರಡು ತಿಂಗಳು ದಿನಾ ಸಂಜೆ ನನ್ನ ಬಾಗಿಲು ತಟ್ಟಿ "ಬೇರು ಹೇಗುಂಟು?" ಎಂದು ಕೇಳುವವನೊಬ್ಬನಿದ್ದ. ಅವನು ಅಬುಧಾಬಿಗೆ ಮರಳಲು ಬೊಂಬಾಯಿ ಬಸ್ಸು ಹತ್ತಿದ ಮೇಲೆ ತಟ್ಟುವವರು ಯಾರೂ ಉಳಿಯಲಿಲ್ಲ. ನಾನು ಗಿಡದ ಹತ್ತಿರ ಮಾತಾಡತೊಡಗಿದೆ. ಹೆಚ್ಚಾಗಿ ವ್ಯಾಲೆಂಟೈನನನ್ನು ಬೈಯುತ್ತಿದ್ದೆ.

ಡಿಸೆಂಬರಿಗೆ ಅಮ್ಮ ಹೋಗಿ ವರ್ಷ. ಅಷ್ಟರಲ್ಲಿ ಆ ಒಂದು ಬಳ್ಳಿಯ ತುಂಡುಗಳಿಂದಲೇ ಆರೂ ಬಾಟಲಿ ಮತ್ತೆ ತುಂಬಿದ್ದವು. ಮೊದಲ ಸಲ ಕೊಯ್ದೆ. ಅಮ್ಮನ ಹಾಗೆಯೇ ಒಣ ಸಿಗಡಿ ಹಾಕಿ ಪದಾರ್ಥ ಮಾಡಿ, ಟಿಫಿನ್ ಕ್ಯಾರಿಯರಿಗೆ ತುಂಬಿ ಕಾರ್ಕಳದ ಬಸ್ಸು ಹತ್ತಿದೆ. ವ್ಯಾಲೆಂಟೈನ್ ಅಲ್ಲಿ ಬಾಡಿಗೆ ಮನೆಯಲ್ಲಿದ್ದ. ಮನೆ ಮಾರಿದವನಿಗೆ ಆ ಮನೆಯ ರುಚಿ ಉಣ್ಣಿಸಿ ಹೊಟ್ಟೆ ಉರಿಸಬೇಕು, ಅದೇ ನನ್ನ ಉದ್ದೇಶ.

ಅವನು ನಾಲ್ಕು ತುತ್ತು ಉಂಡ.

"ಗೊತ್ತಾಯಿತಾ? ಅಮ್ಮನ ಬಸಳೆ. ನೀನು ಮನೆಯೊಟ್ಟಿಗೆ ಮಾರಿದ್ದು. ನಾನು ಉಳಿಸಿದೆ."

"ಅಕ್ಕಾ, ಇದು ಅಮ್ಮನದ್ದಲ್ಲ," ಎಂದ. "ಅಮ್ಮನ ಬಳ್ಳಿ ಅವಳು ಹಾಸಿಗೆ ಹಿಡಿದ ವರ್ಷದ ಮಳೆಗೇ ಕೊಳೆತು ಹೋಗಿತ್ತು. ಮಂಚದಿಂದ ಕಿಟಕಿಯಲ್ಲಿ ನೋಡಿ ದಿನಾ ಕೇಳುತ್ತಿದ್ದಳು, ನನ್ನ ಬಸಳೆ ಎಲ್ಲಿ ಅಂತ. ನಾನು ಉಡುಪಿ ಸಂತೆಯಿಂದ ದಂಟು ತಂದು ನೆಟ್ಟೆ. ಚಿಗುರಿದ್ದು ನೋಡಿ ತನ್ನದೇ ಅಂದುಕೊಂಡಳು. ಅವಳಿಗೆ ಹೇಳಲಿಲ್ಲ. ನಿನಗೆ ಹೇಳಲಿಕ್ಕೆ ನೀನು ಬಂದದ್ದಾದರೂ ಯಾವಾಗ?"

ಉಡುಪಿಯಿಂದ ಇನ್ನಂಜೆಗೆ ಒಂದು ಗಂಟೆಯ ದಾರಿಯೂ ಇಲ್ಲ. ಅಮ್ಮ ಮಲಗಿದ್ದ ಎರಡು ವರ್ಷ ನಾನು ಹೋದದ್ದು ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ ಮತ್ತು ಕ್ರಿಸ್‌ಮಸ್ಸಿಗೆ. ಉಂಡು, ಸಂಜೆಯ ಬಸ್ಸಿಗೆ ವಾಪಸು. ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ಅಮ್ಮನಿಗೆ ಕೊನೆಗೆ ಬಸಳೆ ತೋರಿಸಿದವನು ಅವನು, ನಾನಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಆ ಕಿಟಕಿಯ ಹತ್ತಿರ ಒಬ್ಬನೇ ಕುಳಿತುಕೊಳ್ಳಲು ನನ್ನಿಂದ ಆಗಲಿಲ್ಲ ಅಕ್ಕಾ. ಅದಕ್ಕೇ ಮಾರಿದೆ," ಎಂದ. ತಟ್ಟೆಯಲ್ಲಿ ಉಳಿದದ್ದನ್ನು ಬಳಿದು ಉಂಡ.

ಉಡುಪಿಗೆ ಮರಳಿ ಬಾಟಲಿಗಳ ಎದುರು ಕುಳಿತೆ. ಬೈಯಲು ಯಾರೂ ಉಳಿದಿರಲಿಲ್ಲ. ಅಷ್ಟು ಒಂಟಿಯಾಗಿ ನಾನು ಯಾವತ್ತೂ ಕುಳಿತವಳಲ್ಲ. ಕೊನೆಗೆ ಎದ್ದು ಆರೂ ಬಾಟಲಿಯ ನೀರು ಬದಲಿಸಿ, ಒಂದು ಕಾರ್ಡು ಬರೆದೆ.

"ವ್ಯಾಲೆಂಟೈನ್, ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಾ. ಬರುವಾಗ ಒಂದು ಖಾಲಿ ಬಾಟಲಿ ತಾ. ನಿನ್ನ ಬಸಳೆಯ ತುಂಡು ಕೊಡುತ್ತೇನೆ. ಮೀನು ತೊಳೆದ ನೀರು ಹಾಕಿದರೆ ಕೊಲ್ಲುತ್ತೇನೆ."