ಇನ್ನೂರ ಹದಿನಾಲ್ಕು ಡಬ್ಬಿಗಳ ಜಾಗ

ಇಪ್ಪತ್ತಾರು ವರ್ಷ ಕಡತ ಜೋಡಿಸಿಯೇ ಸಂಬಳ ತಿಂದವಳು ನಾನು. ನಮ್ಮ ಕಚೇರಿಯ ದಾಖಲೆ ಕೋಣೆಯಲ್ಲಿ ಯಾವ ಹಳೆಯ ಕಾಗದ ಕೇಳಿದರೂ ಐದು ನಿಮಿಷದಲ್ಲಿ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಅಂಥವಳಿಗೆ ಅಂಗೈಯಗಲದ ಒಂದು ಫೋನು ಮಣ್ಣು ಮುಕ್ಕಿಸಿತು. ಹೇಳಿಕೊಳ್ಳಲು ನಾಚಿಕೆ, ಹೇಳದೆ ಇದ್ದರೆ ಹೊಟ್ಟೆಯುರಿ.

ವಿಷಯ ಅಪ್ಪನ ಅಂಗಡಿಯದು. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ವಯಸ್ಸು ಎಪ್ಪತ್ತೆಂಟು, ಕಣ್ಣು ಹೋಗಿ ಹನ್ನೊಂದು ವರ್ಷ. ಕಣ್ಣು ಹೋದ ಮೇಲೂ ಕೆಲಸ ನಿಲ್ಲಲಿಲ್ಲ, ಯಾಕೆಂದರೆ ಅಂಗಡಿಯ ಮೂರು ಗೋಡೆಗಳ ಹಲಗೆಗಳ ಮೇಲೆ ಇನ್ನೂರ ಹದಿನಾಲ್ಕು ತಗಡಿನ ಡಬ್ಬಿಗಳಿದ್ದವು. ಎಲ್ಲವೂ ಒಂದೇ ಅಳತೆ, ಒಂದೇ ಬಗೆಯ ಮುಚ್ಚಳ. ಒಂದರಲ್ಲಿ ದಾರ ಸುತ್ತುವ ಬಾಬಿನ್ನು, ಒಂದರಲ್ಲಿ ದಾರ ಬಿಗಿ ಮಾಡುವ ಸ್ಪ್ರಿಂಗು, ಮಿಕ್ಕವುಗಳಲ್ಲಿ ಕಣ್ಣಿದ್ದವರಿಗೂ ಒಂದೇ ಥರ ಕಾಣುವ ನಾನಾ ಬಗೆಯ ಸ್ಕ್ರೂಗಳು. ಅಪ್ಪ ಸ್ಟೂಲಿನ ಮೇಲೆ ಕೂತು, ಯಂತ್ರದ ಹೊಟ್ಟೆಯೊಳಗೆ ಎಡಗೈ ಇಟ್ಟು ಬಲಗೈ ಚಾಚಿದರೆ ಬೇಕಾದ ಡಬ್ಬಿಯೇ ಕೈಗೆ ಬರುತ್ತಿತ್ತು. ಡಬ್ಬಿಗಳ ಮೇಲೆ ಚೀಟಿ ಇರಲಿಲ್ಲ. ಕುರುಡನಿಗೆ ಚೀಟಿ ಅಂಟಿಸಿ ಏನು ಉಪಯೋಗ ಅಂತ ಅವರೇ ನಗುತ್ತಿದ್ದರು.

ಕಟ್ಟಡ ಕೆಡವುತ್ತೇವೆ, ತಿಂಗಳೊಳಗೆ ಖಾಲಿ ಮಾಡಿ ಅಂತ ಮಾಲೀಕರು ಹೇಳಿದ ವಾರವೇ ನನಗೆ ಬಡ್ತಿಯ ಆದೇಶ ಬಂತು. ಮುಖ್ಯ ಕಚೇರಿಯ ದಾಖಲೆ ವಿಭಾಗಕ್ಕೆ ಮುಖ್ಯಸ್ಥೆ. ಇಲ್ಲಿಂದ ರೈಲಿನಲ್ಲಿ ಒಂಬತ್ತು ಗಂಟೆ. ಹನ್ನೊಂದು ವರ್ಷ ಮನೆ, ಕಚೇರಿ, ಅಂಗಡಿ, ಮತ್ತೆ ಮನೆ ಅಂತ ಗಾಣದೆತ್ತಿನ ಹಾಗೆ ಸುತ್ತಿದ್ದ ನಾನು ಆ ಕಾಗದವನ್ನು ನಾಲ್ಕು ಸಲ ಓದಿದೆ. ಆಮೇಲೆ ಅಪ್ಪನಿಗೂ ಓದಿ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ ಹೋಗು ಅಂದರು. ಹೊಸ ಅಂಗಡಿಯಲ್ಲಿ ಡಬ್ಬಿಗಳನ್ನು ಹಳೆಯ ಜಾಗದಲ್ಲೇ ಇಟ್ಟುಕೊಟ್ಟರೆ ಸಾಕು, ಉಳಿದದ್ದು ತಮ್ಮ ಪಾಡು ಅಂದರು. ಊಟಕ್ಕೆ, ಅಂಗಡಿಗೆ ಕರೆತಂದು ಬಿಡುವುದಕ್ಕೆ ಪಕ್ಕದ ಮನೆಯ ಅಕ್ಕ ಒಪ್ಪಿದ್ದರು. ಅಂದರೆ ಎಲ್ಲವೂ ಡಬ್ಬಿಗಳ ಮೇಲೆ ನಿಂತಿತ್ತು. ಅವು ಸರಿಯಾಗಿ ಕೂತರೆ ಅಪ್ಪನಿಗೆ ಕೆಲಸ, ನನಗೆ ಬಿಡುಗಡೆ. ಕೂರದಿದ್ದರೆ ಇಬ್ಬರಿಗೂ ಅದೇ ಕೋಣೆ, ಅದೇ ಸುತ್ತು.

ಅಪ್ಪ ಒಂದು ಉಪಾಯ ಹೇಳಿದ್ದರು. ತಾವೇ ದಿನಕ್ಕೊಂದು ಸಾಲು ಇಳಿಸಿ, ಡಬ್ಬಿಗಳನ್ನು ಅದೇ ಕ್ರಮದಲ್ಲಿ ದಾರದಿಂದ ಕಟ್ಟಿ, ಹೊಸ ಕೋಣೆಗೆ ಒಯ್ದು ಇಡುವುದು. ಹದಿನೆಂಟು ಸಾಲು, ಹದಿನೆಂಟು ದಿನ. ಅಷ್ಟು ತಾಳ್ಮೆ ನನಗೆ ಎಲ್ಲಿಂದ ಬರಬೇಕು? ಒಂದೊಂದು ಡಬ್ಬಿಯ ಮುಚ್ಚಳ ತೆಗೆದು ಫೋಟೋ ಹೊಡೆದಿಟ್ಟುಕೊಳ್ಳುತ್ತೇನೆ, ಆಳುಗಳು ಒಂದೇ ದಿನದಲ್ಲಿ ಸಾಗಿಸುತ್ತಾರೆ, ಫೋಟೋ ನೋಡಿಕೊಂಡು ಜೋಡಿಸಿದರಾಯಿತು ಅಂದೆ.

"ನಿನ್ನ ಫೋನಿಗೆ ಅಷ್ಟೊಂದು ಜ್ಞಾಪಕ ಇರುತ್ತೇನಮ್ಮ?" ಅಂತ ಕೇಳಿದರು.

"ನಮ್ಮಿಬ್ರಿಗಿಂತ ಜಾಸ್ತಿನೇ ಇದೆ," ಅಂದೆ.

ಮೂರು ವಾರ ಕಚೇರಿ ಮುಗಿಸಿ ಬಂದು ಫೋಟೋ ತೆಗೆದೆ. ಅಪ್ಪ ಕೆಲಸ ಮಾಡುತ್ತಿದ್ದದ್ದರಿಂದ ಅವರ ಕೈ ಯಾವ ಸಾಲಿಗೆ ಹೋಗುತ್ತಿರಲಿಲ್ಲವೋ ಆ ಸಾಲು ನನ್ನದು. ಇವತ್ತು ಕಿಟಕಿ ಗೋಡೆಯ ಮೇಲಿನ ಸಾಲಿನ ಅರ್ಧ, ನಾಳೆ ಬಾಗಿಲ ಗೋಡೆಯ ಕೆಳಗಿನದು. ಹೀಗೆ ಹಿಂದುಮುಂದಾದರೂ ಮನೆಗೆ ಹೋಗಿ ಫೋನಿನಲ್ಲಿ ಆಲ್ಬಂ ಮಾಡುತ್ತಿದ್ದೆ. ಸಾಲಿಗೊಂದು ಆಲ್ಬಂ, ಅದಕ್ಕೊಂದು ಹೆಸರು, ಒಳಗೆ ಎಡದಿಂದ ಬಲಕ್ಕೆ ಒಂದೊಂದೇ ಫೋಟೋ ಎಳೆದು ಕೂರಿಸಿದ್ದು. ಹದಿನೆಂಟು ಆಲ್ಬಂ ಮುಗಿದ ದಿನ ಅದನ್ನು ನೋಡಿ ನಾನೇ ಮರುಳಾದೆ. ನಮ್ಮ ಕಚೇರಿಯ ಕಪಾಟುಗಳೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ.

ಸಾಗಿಸುವವರು ಬಂದರು. ಕೈಗೆ ಸಿಕ್ಕ ಡಬ್ಬಿಯನ್ನು ಸಿಕ್ಕ ಪೆಟ್ಟಿಗೆಗೆ ತುಂಬಿದರು. ಅಪ್ಪ ಬಾಗಿಲಲ್ಲಿ ನಿಂತು ಆ ಸದ್ದು ಕೇಳಿ ಮುಖ ಕಿವುಚಿದರು. ನಾನು ಮಾತ್ರ ಮಹಾರಾಣಿಯ ಹಾಗೆ ನಿಂತಿದ್ದೆ. ಹೇಗಿದ್ದರೂ ಆಲ್ಬಂ ಇದೆಯಲ್ಲ.

ಅಷ್ಟರಲ್ಲಿ ಫೋನು ತನ್ನಲ್ಲಿ ಜಾಗವಿಲ್ಲ ಅಂತ ಗೋಳಾಡತೊಡಗಿತು. ಫೋಟೋಗಳನ್ನು ದೊಡ್ಡದಾಗಿ ಪ್ರಿಂಟು ತೆಗೆಯುವುದೂ ಇತ್ತು. ಕಚೇರಿಯಲ್ಲಿ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಲು ಕೂತೆ. ಎರಡು ಸಲ ಅರ್ಧಕ್ಕೇ ನಿಂತಿತು, ಮೂರನೆಯ ಸಲ ಪೂರ್ತಿಯಾಯಿತು. ಲೆಕ್ಕ ಹಾಕಿದೆ, ಒಂದೂ ಕಡಿಮೆಯಿಲ್ಲ. ಫೋನಿನಿಂದ ಅಳಿಸಿದೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಇನ್ನೊಂದು ತಿಂಗಳು ಇರುತ್ತದೆ ಅಂತ ಫೋನು ಹೇಳಿತು. ಕಸ ಕೂಡಿಟ್ಟು ನನಗೆ ಅಭ್ಯಾಸವಿಲ್ಲ. ಬುಟ್ಟಿಯನ್ನೂ ಖಾಲಿ ಮಾಡಿದೆ.

ಮರುದಿನ ಪ್ರಿಂಟು ತೆಗೆಯಲು ಕಂಪ್ಯೂಟರಿನಲ್ಲಿ ತೆರೆದರೆ ಒಂದು ಆಲ್ಬಂ ಕೂಡ ಇಲ್ಲ. ಬಾಗಿಲ ಗೋಡೆ ಇಲ್ಲ, ಕಿಟಕಿ ಗೋಡೆ ಇಲ್ಲ. ಬರೀ ಅಂಕಿಗಳ ಹೆಸರಿನ ಎರಡು ಫೋಲ್ಡರು, ತಿಂಗಳಿಗೊಂದು. ಒಳಗೆ ತೆಗೆದ ಹೊತ್ತಿನ ಪ್ರಕಾರ ಎಲ್ಲ ಕಲಸುಮೇಲೋಗರ. ಸ್ಕ್ರೂ, ಸ್ಕ್ರೂ, ನಮ್ಮ ಮನೆಯ ಕರೆಂಟಿನ ಮೀಟರು, ಸ್ಕ್ರೂ, ಅಪ್ಪನ ಔಷಧಿಯ ಚೀಟಿ, ತಂಗಿ ಕಳಿಸಿದ ಪರದೆ ಬಟ್ಟೆಯ ನಮೂನೆ, ಮತ್ತೆ ಸ್ಕ್ರೂ. ಕೇಬಲ್ ತೆಗೆದು ಹಾಕಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ, ಫೋಲ್ಡರಿನೊಳಗಿನ ಫೋಲ್ಡರನ್ನೆಲ್ಲ ಜಾಲಾಡಿದೆ. ಕೊನೆಗೆ ಕಂಪ್ಯೂಟರ್ ವಿಭಾಗದ ಗೃಹಸ್ಥರನ್ನು ಕರೆದೆ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಯಾವುದಕ್ಕೂ ಅವಸರ ಪಡುವವರಲ್ಲ.

"ಆಲ್ಬಂ ಅಂದ್ರೆ ಫೋಲ್ಡರ್ ಅಲ್ಲ ಮೇಡಂ," ಅಂದರು. "ಅದು ಫೋನು ತನ್ನ ಪಾಡಿಗೆ ಬರ್ಕೊಂಡಿರೋ ಒಂದು ಪಟ್ಟಿ. ಫೋಟೋ ಮಾತ್ರ ಆಚೆ ಬರುತ್ತೆ, ಪಟ್ಟಿ ಬರಲ್ಲ."

"ಆ ಪಟ್ಟಿ ಈಗ ಎಲ್ಲಿದೆ?"

"ನೀವು ಅಳಿಸಿದ್ರಲ್ಲ."

ನಾನು ಅವರ ಮೇಲೆ ಹರಿಹಾಯ್ದೆ. ಇಷ್ಟು ಓದಿದವರು ಸೇರಿ ಮಾಡಿದ ಯಂತ್ರಕ್ಕೆ ನಾನು ಇಟ್ಟ ಹೆಸರನ್ನು ಈ ಕಡೆಯಿಂದ ಆ ಕಡೆಗೆ ಹೊತ್ತು ತರಲು ಆಗುವುದಿಲ್ಲವೇ? ನಮ್ಮ ಕಚೇರಿಯಲ್ಲಿ ಒಬ್ಬ ಜವಾನ ಹೀಗೆ ಕಡತ ಸಾಗಿಸಿದರೆ ಅವನನ್ನು ಒಂದು ದಿನ ಇಟ್ಟುಕೊಳ್ಳುತ್ತಾರೆಯೇ? ಅವರು ನಾನು ಮುಗಿಸುವವರೆಗೂ ಕೇಳಿಸಿಕೊಂಡು, ಫೋಟೋ ಒಂದೂ ಹೋಗಿಲ್ಲವಲ್ಲ ಅಂತ ಸಮಾಧಾನ ಹೇಳಿ ಎದ್ದು ಹೋದರು. ಅದು ನಿಜವೇ. ಒಂದೂ ಹೋಗಿರಲಿಲ್ಲ. ಯಾವುದು ಎಲ್ಲಿತ್ತು ಅನ್ನುವುದೊಂದೇ ಹೋಗಿತ್ತು.

ನಾಲ್ಕು ದಿನ ಆ ಫೋಟೋಗಳ ಮುಂದೆ ಕೂತೆ. ಯಾವ ಸಂಜೆ ಯಾವ ಸಾಲು ತೆಗೆದಿದ್ದೆ ಅಂತ ನೆನಪು ಮಾಡಿಕೊಂಡೆ, ಗೋಡೆಯ ಬಣ್ಣ, ಬೆಳಕು ನೋಡಿದೆ. ಡಬ್ಬಿ ತುಂಬಾ ಹತ್ತಿರ ಹಿಡಿದು ತೆಗೆದದ್ದರಿಂದ ಗೋಡೆಯೇ ಕಾಣುತ್ತಿರಲಿಲ್ಲ. ಇಡೀ ಗೋಡೆಯ ಫೋಟೋಗಳೂ ಕೆಲವಿದ್ದವು. ಅವುಗಳಲ್ಲಿ ಡಬ್ಬಿಗಳೆಲ್ಲ ಮುಚ್ಚಳ ಹಾಕಿಕೊಂಡಿದ್ದವು. ತಂಗಿ ದೂರದಿಂದ ಸಲಹೆ ಕೊಡುವುದರಲ್ಲಿ ಎತ್ತಿದ ಕೈ. ಹೊಸ ಥರ ಜೋಡಿಸಿಕೊಟ್ಟರೆ ಅಪ್ಪ ಕಲಿತುಕೊಳ್ಳುತ್ತಾರೆ ಬಿಡು ಅಂದಳು. ನಲವತ್ತು ವರ್ಷದಲ್ಲಿ ಕೈ ಕಲಿತದ್ದನ್ನು ನೀನು ನಾಲ್ಕು ದಿನದಲ್ಲಿ ಮರೆಸಿ ಕೊಡು ಬಾ ಅಂತ ಫೋನು ಇಟ್ಟೆ.

ಹೊಸ ಅಂಗಡಿಗೆ ಕಿಟಕಿ ಇಲ್ಲ, ಒಂದೇ ಬಾಗಿಲು. ಹಳೆಯ ಹಲಗೆಗಳನ್ನೇ ಹಳೆಯ ಅಳತೆಯಲ್ಲಿ ಬಡಗಿ ಗೋಡೆಗೆ ಹೊಡೆದುಕೊಟ್ಟಿದ್ದ, ಅವು ಖಾಲಿಯಾಗಿ ನಿಂತಿದ್ದವು. ಕೆಳಗೆ ಎದೆಯೆತ್ತರಕ್ಕೆ ಪೆಟ್ಟಿಗೆಗಳು, ಅವುಗಳ ನಡುವೆ ಸ್ಟೂಲಿನ ಮೇಲೆ ಅಪ್ಪ. ನಾನು ಪೆಟ್ಟಿಗೆ ಸರಿಸದೆ ಅವರಿಗೆ ಎದ್ದು ಬಾಗಿಲಿಗೆ ಹೋಗಲೂ ಆಗುತ್ತಿರಲಿಲ್ಲ. ಕಣ್ಣು ಹೋದಾಗಲೂ ಅವರನ್ನು ನಾನು ಹಾಗೆ ಕಟ್ಟಿಹಾಕಿದಂತೆ ನೋಡಿರಲಿಲ್ಲ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ದರ್ಜಿಯೊಬ್ಬರು ಯಂತ್ರ ತಂದು, ಎರಡು ದಿನ ಕಾದು ವಾಪಸು ಒಯ್ದರು. ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದಕ್ಕೂ ನಾನೇ ಅವರ ಮೇಲೆ ರೇಗಿದೆ. ಮಾಡಿದ್ದುಣ್ಣೋ ಮಹರಾಯ ಅಂತ ನನಗೆ ನಾನೇ ಹೇಳಿಕೊಂಡು ಬಾಗಿಲ ಹೊರಗೆ ನಿಂತು ಅತ್ತೆ.

ಸೋಮವಾರ ನಾನು ಹೊಸ ಜಾಗದಲ್ಲಿ ಸೇರಬೇಕಿತ್ತು. ಶುಕ್ರವಾರ ರಜೆ ಹಾಕಿ ಒಂದು ಡಬ್ಬಿ ಅಪ್ಪನ ಕೈಗೆ ಕೊಟ್ಟೆ. ಒಳಗಿನದನ್ನು ಬೆರಳಲ್ಲಿ ಹೊರಳಿಸಿ ಇದು ಕಾಲಲ್ಲಿ ತುಳಿಯುವ ಯಂತ್ರದ ಚಕ್ರದ ಹಿಂದಿನ ಸ್ಕ್ರೂ ಅಂತ ಥಟ್ಟನೆ ಹೇಳಿದರು. ಎಲ್ಲಿತ್ತು ಅಂತ ಕೇಳಿದೆ.

"ಕೈಗೆ ಗೊತ್ತು ಕಣಮ್ಮ, ಬಾಯಿಗೆ ಗೊತ್ತಿಲ್ಲ," ಅಂದರು. ಡಬ್ಬಿಯನ್ನು ನನ್ನ ಕೈಗೆ ವಾಪಸು ಕೊಟ್ಟು, "ಒಂದು ಯಂತ್ರ ತಂದು ನನ್ನ ಮುಂದೆ ಇಡು," ಅಂದರು.

ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಎಳೆದೆ. ಸ್ಟೂಲನ್ನು ಹಲಗೆಗಳಿಂದ ಹಳೆಯ ದೂರಕ್ಕೇ ಇಟ್ಟೆ, ಮುಂದೆ ನಮ್ಮ ಮನೆಯ ಯಂತ್ರ ತಂದಿಟ್ಟೆ. ಅದಕ್ಕೆ ಯಾವ ರೋಗವೂ ಇರಲಿಲ್ಲ. ಅಪ್ಪ ಅದನ್ನು ಬಿಚ್ಚಲು ಶುರು ಮಾಡಿದರು. ಒಂದು ಸ್ಪ್ರಿಂಗು ತೆಗೆದು, ಹೊಸದು ಬೇಕು ಅಂದುಕೊಂಡು ಕೈ ಚಾಚಿದರು. ಕೈ ಖಾಲಿ ಹಲಗೆಯ ಮೇಲೆ ಬಿದ್ದ ಜಾಗಕ್ಕೆ ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಸ್ಪ್ರಿಂಗಿನ ಡಬ್ಬಿ ಹುಡುಕಿ ಅಲ್ಲಿಟ್ಟೆ. ಯೋಚಿಸಿದರೆ ಕೈ ತಪ್ಪುತ್ತಿತ್ತು, ಹಾಗಾಗಿ ಅವರನ್ನು ಮಾತಿಗೆಳೆದೆ. ಹಳೆಯ ಗಿರಾಕಿಗಳ ಚಾಡಿ ಹೇಳುತ್ತಾ ಅವರು ಕೈ ಚಾಚುತ್ತಿದ್ದರು, ನಾನು ಗುರುತು ಹಾಕುತ್ತಿದ್ದೆ. ಆ ಯಂತ್ರಕ್ಕೆ ಸೇರದ ಚೂರುಗಳನ್ನು ಡಬ್ಬಿಯಿಂದ ನಾನೇ ತೆಗೆದು ಅವರ ಕೈಗೆ ಕೊಡುತ್ತಿದ್ದೆ. ಮಧ್ಯಾಹ್ನಕ್ಕೆ ನಲವತ್ತು ಡಬ್ಬಿ ಕೂತವು. ಶನಿವಾರ ಸಂಜೆಯ ಹೊತ್ತಿಗೆ ನೂರ ತೊಂಬತ್ತು. ಚೀಲಕ್ಕೆ ಯಾವ ಸೀರೆ ಹಾಕಿಕೊಳ್ಳಲಿ ಅಂತ ಕೂಡ ಯೋಚಿಸಿದೆ.

ಆಗ ಒಂದು ವಿಷಯ ಗಮನಕ್ಕೆ ಬಂತು. ಸ್ವಲ್ಪ ಸವೆದ ಚೂರು ಏನಾದರೂ ಬಿಚ್ಚಿದಾಗಲೆಲ್ಲ ಅಪ್ಪನ ಬಲಗೈ ಗೋಡೆಗೆ ಹೋಗದೆ ಪಕ್ಕಕ್ಕೆ, ಮೊಣಕಾಲಿನ ಎತ್ತರಕ್ಕೆ ಇಳಿಯುತ್ತಿತ್ತು. ಅಲ್ಲಿ ಹಲಗೆಯೇ ಇರಲಿಲ್ಲ. ಸೀಮೆಸುಣ್ಣ ಹಿಡಿದು ಬಗ್ಗಿದವಳು ಎಲ್ಲಿ ಗುರುತು ಹಾಕಬೇಕೋ ತಿಳಿಯದೆ ನಿಂತೆ.

"ಇಲ್ಲಿ ಏನಿತ್ತಪ್ಪ?"

"ಗೊತ್ತಾಗ್ತಿಲ್ಲ. ಕೈ ಹೋಗ್ತಾ ಇದೆ ಅಂದ್ಮೇಲೆ ಏನೋ ಇತ್ತು. ನಿನ್ನ ಫೋಟೋದಲ್ಲಿ ನೋಡು."

ಪ್ರಿಂಟು ಮಾಡಿಸಿದ್ದ ಇಡೀ ಗೋಡೆಯ ಫೋಟೋಗಳನ್ನೆಲ್ಲ ಹರಡಿ ನೋಡಿದೆ. ಅಪ್ಪ ಇದ್ದರು, ಸ್ಟೂಲು ಇತ್ತು, ಯಂತ್ರ ಇತ್ತು. ಅವರ ಬಲಕ್ಕೆ ಒಂದು ಗಿಡ್ಡ ಮಣೆ ಬಿಟ್ಟು ಬೇರೇನೂ ಇರಲಿಲ್ಲ. ಎಣ್ಣೆಯ ಡಬ್ಬಿ ಇರಬಹುದೇನೋ ಅಂತ ಅದನ್ನು ತಂದು ಅವರ ಕೈಯ ಕೆಳಗೆ ಹಿಡಿದೆ. ಇದಲ್ಲ ಅಂದರು. ಸೂಜಿಯ ಡಬ್ಬಿ ಹಿಡಿದೆ. ಅದೂ ಅಲ್ಲ.

ಆಮೇಲೆ ನನಗೆ ಹೊಳೆಯಿತು. ಹನ್ನೊಂದು ವರ್ಷ ಸಂಜೆ ಆ ಮಣೆಯ ಮೇಲೆ ನಾನು ಕೂರುತ್ತಿದ್ದೆ. ಸವೆದ ಚೂರನ್ನು ಅಪ್ಪ ನನ್ನ ಅಂಗೈಗೆ ಹಾಕುತ್ತಿದ್ದರು, ಅದೇ ಅಳತೆಯದು ಹಾಕಲೆಂದು ಅದರ ಮೇಲಿನ ಸಣ್ಣ ಅಂಕಿಯನ್ನು ನಾನು ಓದಿ ಹೇಳುತ್ತಿದ್ದೆ. ಫೋಟೋ ತೆಗೆಯುವಾಗ ನಾನು ಫೋನು ಹಿಡಿದು ಎದ್ದು ನಿಂತಿದ್ದೆ, ಹಾಗಾಗಿ ಯಾವ ಫೋಟೋದಲ್ಲೂ ನಾನಿಲ್ಲ. ಸುಳ್ಳು ಹೇಳಬಹುದಿತ್ತು. ಅಲ್ಲಿ ಏನೂ ಇರಲಿಲ್ಲ, ಕೈ ತಪ್ಪುತ್ತಿದೆ ಅಂದಿದ್ದರೆ ಅವರು ನಂಬುತ್ತಿದ್ದರು. ಆದರೆ ಎರಡು ದಿನದಿಂದ ಆ ಕೈಯನ್ನು ನಂಬಿಯೇ ನಾನು ಇಲ್ಲಿಯವರೆಗೆ ಬಂದಿದ್ದೆ.

"ಅಲ್ಲಿ ನಾನು ಕೂರ್ತಿದ್ದೆ ಅಪ್ಪ," ಅಂದೆ.

ಅಪ್ಪ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಬೆರಳಲ್ಲಿದ್ದ ಚೂರನ್ನು ಒಂದೆರಡು ಸಲ ಹೊರಳಿಸಿ ಮೇಜಿನ ಮೇಲಿಟ್ಟರು.

"ಹಾಗಾದ್ರೆ ಅಲ್ಲಿ ಗುರುತು ಹಾಕ್ಬೇಡ," ಅಂದರು. ಮುಂದಿನ ಡಬ್ಬಿ ಯಾವುದು ಅಂತ ಕೇಳಿದರು.

ಉಳಿದ ಇಪ್ಪತ್ತನಾಲ್ಕನ್ನೂ ಕೂರಿಸಿದೆವು. ಅಷ್ಟರಲ್ಲಿ ಮುಖ್ಯ ಕಚೇರಿಯಿಂದ ಫೋನು ಬಂತು, ಸೋಮವಾರ ಬರುವುದು ಖಚಿತವೇ ಅಂತ ಕೇಳಲು. ನಾನು ಬಾಗಿಲಿಗೆ ಹೋದೆ. ಡಬ್ಬಿಗಳೆಲ್ಲ ಜಾಗದಲ್ಲಿದ್ದವು, ಇಲ್ಲ ಅನ್ನಲು ನನ್ನಲ್ಲಿ ಕಾರಣವೇ ಉಳಿದಿರಲಿಲ್ಲ. ಖಚಿತ ಸಾರ್, ಬಂದು ಸೇರ್ತೀನಿ ಅಂದೆ. ಒಳಗೆ ಅಪ್ಪ ಯಂತ್ರದಿಂದ ಇನ್ನೇನೋ ಬಿಚ್ಚಿದರು. ಕೈ ತಾನಾಗಿ ಪಕ್ಕಕ್ಕೆ ಇಳಿಯಿತು. ಅರ್ಧ ದಾರಿಯಲ್ಲಿ ಅವರಿಗೆ ನೆನಪಾಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಅದನ್ನು ಮೇಲಕ್ಕೆ ತಂದು ಮೇಜಿನ ಮೇಲೆ ಒತ್ತಿ ಇಟ್ಟುಕೊಂಡರು. ಫೋನಿನಲ್ಲಿ ಆ ಮನುಷ್ಯ ಅಭಿನಂದನೆ ಹೇಳುತ್ತಿದ್ದ. ನನಗೆ ಒಳಗೆ ಹೋಗಿ ಆ ಜಾಗದಲ್ಲಿ ಕೂರಲೂ ಆಗಲಿಲ್ಲ, ಹೊಸ್ತಿಲು ದಾಟಿ ಹೊರಗೆ ಕಾಲಿಡಲೂ ಆಗಲಿಲ್ಲ.