ಯಾರ ಮಾತಿನ ಮೇಲೆ

ಕಿಟಕಿ ಗಾಜಿನ ಒಳಮೈಗೇ ಮಂಜು ಕಟ್ಟಿದೆ, ಬಾಳೆಲೆಯ ನರಗಳ ಹಾಗೆ, ನಡುವೆ ಒಂದು ದಿಂಡು, ಎರಡೂ ಕಡೆ ಗೀರು ಗೀರು – ಕಾವೇರಿ ಉಗುರಿನಿಂದ ಕೆರೆದಳು, ಕೆರೆದಷ್ಟು ಜಾಗದಲ್ಲಿ ಜೀಪು ಕಂಡಿತು, ಜೀಪಿನೊಳಗೆ ಇಮಾಮುದ್ದೀನ್ ಚಾಚಾನ ರೆಕ್ಸಿನ್ ಚೀಲ, ಅದರಾಚೆ ಅಂಗಳದಲ್ಲಿ ಆ ಗೋಣಿ, ತಾನಾಗಿ ನಿಂತಿದೆ, ಯಾರೂ ಹಿಡಿದಿಲ್ಲ, ಬೆಳಿಗ್ಗೆ ಎತ್ತಿಟ್ಟಾಗಿನಿಂದ ಹಾಗೇ ನಿಂತಿದೆ, ನೋಡಬಾರದು, ಬೂಟು ನೋಡಬೇಕು, ಬೂಟಿನ ಲಾಡಿ, ಎರಡು ಜೊತೆ ಕಾಲುಚೀಲ ಹಾಕಿದರೆ ಬೆಚ್ಚಗಿರುತ್ತದೆ ಅಂದುಕೊಂಡಿದ್ದಳು, ಬಿಗಿಯಾದರೆ ಇನ್ನಷ್ಟು ಮರಗಟ್ಟುತ್ತದೆ ಅಂತ ಬಂದ ಮೂರನೆಯ ದಿನ ಗೊತ್ತಾಯಿತು, ಇಲ್ಲಿ ಎಲ್ಲವೂ ಹೀಗೇ ಉಲ್ಟಾ, ಹಿಮಾಚಲಕ್ಕೆ ಬಂದು ಒಂಬತ್ತು ದಿನ, ಹಲ್ಲುಜ್ಜುವ ನೀರು ಒಲೆಯ ಮೇಲೆ ಕರಗಬೇಕು, ಅವ್ವ ಕಟ್ಟಿಕೊಟ್ಟ ಉಪ್ಪಿನಕಾಯಿಯ ಎಣ್ಣೆ ತುಪ್ಪದ ಹಾಗೆ ಗಟ್ಟಿ, ಫೋನಿನಲ್ಲಿ ಅವ್ವ ಕೇಳುತ್ತಾಳೆ, ಬರ್ಫ್ ಅಂದ್ರ ಹ್ಯಾಂಗಿರ್ತದ ಬೇ, ಗೋಲಾದ ಗಾಡ್ಯಾಗ ಕೆರೀತಾರಲ್ಲ ಅಂಥಾದೇನು, ಹೂಂ ಅವ್ವಾ ಅಂಥಾದೇ, ರಂಗು ಇಲ್ಲ ಅಷ್ಟ.

ಅವ್ವ, ಸಾಬಮ್ಮ, ಕಮಲಾಪುರದಲ್ಲಿ ಹೊಸ ಮನೆ ಎದ್ದಲ್ಲೆಲ್ಲ ಸ್ಲ್ಯಾಬಿಗೆ ನೀರು ಹಾಕುವವಳು, ಮೇ ತಿಂಗಳು, ಗೋಣಿ ಹಾಸಿ ನೀರು ಚೆಲ್ಲಿದರೆ ಸೊಂಯ್ ಅಂತ ಹಬೆ, ಮುಂಜಾನೆ ಮಧ್ಯಾಹ್ನ ಸಂಜೆ, ಗೋಣಿ ಒಣಗಬಾರದು, ಒಣಗಿದರೆ ಸ್ಲ್ಯಾಬು ಸೀಳು ಬಿಡುತ್ತದೆ, ಮೇಸ್ತ್ರಿ ಬೈಯುತ್ತಾನೆ, ಕೂಸಿಗಿ ಹಾಲು ಕುಡಿಸಿದಂಗ ಕುಡಿಸಬೇಕು ನೋಡು ಕಾವೇರಿ ಅನ್ನುತ್ತಿದ್ದಳು ಅವ್ವ, ಡಿಪ್ಲೊಮಾದಲ್ಲಿ ಅದೇ ಮಾತಿಗೆ ಇಡೀ ಒಂದು ಪಾಠ, ಓದದೆಯೇ ಬರೆದು ಬಂದಳು, ಸೇಡಂ ರಸ್ತೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಗಾಜಿಪುರದಲ್ಲಿ ಬಾಡಿಗೆಯ ಕೋಣೆ, ಕಾಂಕ್ರೀಟಿನ ಅಚ್ಚು ತುಂಬುವುದನ್ನು ಕಲಿಸಿದವನು ಇಮಾಮುದ್ದೀನ್ ಚಾಚಾ, ಹದಿನೆಂಟು ವರ್ಷದಿಂದ ಅಲ್ಲಿ ಆಳು, ಸಲಾಕೆ ಕೊಟ್ಟು, ಗುದ್ದು ಬೇಟಿ ಗುದ್ದು, ಗಂಡನಿಗಿ ಗುದ್ದಿದಂಗ ಅಲ್ಲ, ಎಣಿಸಿ ಗುದ್ದು – ಇಡೀ ಲ್ಯಾಬು ನಕ್ಕಿತ್ತು.

ಆ ಲ್ಯಾಬೇ ಇಬ್ಬರನ್ನೂ ಕಾಂಕ್ರೀಟು ಪರೀಕ್ಷೆಗೆಂದು ಈ ಸೈಟಿಗೆ ಕಳಿಸಿದ್ದು, ಮೊನ್ನೆ ಪರೀಕ್ಷೆಯ ಸ್ಲ್ಯಾಬು ಹಾಕಿದರು, ಇಲ್ಲಿಯ ಆಳುಗಳ ಮುಕಾದಮ ಮೇಲೆ ಕಂಬಳಿ ಹೊದಿಸಿದ, ಪಾನಿ ಬಿಲ್ಕುಲ್ ನಹೀ ಮೇಡಂ ಅಂದ, ನಿನ್ನೆ ಮಧ್ಯಾಹ್ನ ಬಿಸಿಲು ಬಿತ್ತು, ಹಿಮದ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಕಮಲಾಪುರದ ಬಿಸಿಲಿನ ಹಾಗೇ ಕಾಣುತ್ತದೆ, ಕಂಬಳಿ ಸರಿಸಿ ಕೈಯಿಟ್ಟಳು, ಒಣಗಿ ಬೆಳ್ಳಗಾಗಿತ್ತು, ಒಣಗಿದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ, ಮೆಸ್ಸಿನಿಂದ ಆಲೂಗಡ್ಡೆಯ ಗೋಣಿ ತರಿಸಿದಳು, ಚಾಚಾ ಪೈಪು ಹಿಡಿದು ನಿಂತ, ಬೇಟಿ, ಬ್ಯಾಡ ಅಂದಾರ ಅವ್ರು, ಇಲ್ಲಿ ಹವಾನೇ ಬ್ಯಾರೆ ಅದ. ಹಾಕ್ರಿ ಚಾಚಾ, ಸೀಳ್ತದ, ಕಾಂಕ್ರೀಟಿನ ಸುದ್ದಿ ನನಗ ಹೇಳಬ್ಯಾಡ್ರಿ, ನಮ್ಮವ್ವ ಅದರಾಗೇ ಮುದುಕಿ ಆಗ್ಯಾಳ. ಆಯ್ತು ಮೇಡಂ ಅಂದ. ಬೇಟಿ ಅನ್ನಲಿಲ್ಲ, ಮೇಡಂ ಅಂದ, ಮೊದಲ ಸಲ, ನೀರು ಬಿಟ್ಟ. ಬೆಳಿಗ್ಗೆ ಗೋಣಿ ಎತ್ತಲು ಹೋದರೆ ಗೋಣಿಯ ಜೊತೆ ಸ್ಲ್ಯಾಬಿನ ಮೇಲ್ಮೈಯೇ ಹಪ್ಪಳದ ಹಾಗೆ ಎದ್ದು ಬಂತು, ಒಳಗೆ ನೀರು ಗಡ್ಡೆಯಾಗಿ ಒಡೆದಿದೆ, ಬೆರಳಾಡಿಸಿದರೆ ಪುಡಿ, ಗೋಣಿಯನ್ನು ಪಕ್ಕಕ್ಕಿಟ್ಟರು, ಅದು ಬೀಳಲಿಲ್ಲ, ಸ್ಲ್ಯಾಬಿನ ಅಂಚಿನಲ್ಲಿ ಬಾಗಿದಂತೆಯೇ ಬಾಗಿ ನಿಂತಿತು, ಸೊಂಟ ಬಗ್ಗಿಸಿ ನೀರು ಚೆಲ್ಲುವ ಹೆಂಗಸಿನ ಹಾಗೆ.

ನೀರು ಹಾಕಿದ್ದು ಯಾರು ಅಂತ ಸೈಟ್ ಇಂಜಿನಿಯರ್ ಕೇಳಿದ, ಮೈನೇ ಡಾಲಾ ಸಾಬ್, ನಾನೇ ಹಾಕಿದ್ದು, ಅಂದ ಚಾಚಾ, ಕೈ ಎತ್ತಿ ಬೇರೆ, ಶಾಲೆಯ ಹುಡುಗರ ಹಾಗೆ, ಆಗ ಅವಳು ಏನು ಮಾಡಿದಳು, ಬೂಟಿನ ಲಾಡಿ ಕಟ್ಟಿದಳು, ಕಟ್ಟಿದ್ದನ್ನೇ ಬಿಚ್ಚಿ ಕಟ್ಟಿದಳು. ಲ್ಯಾಬಿನ ಮಾಲೀಕ ಶಿವಲಿಂಗ ಸರ್ ಫೋನಿನಲ್ಲೇ ಕೂಗಾಡಿದರು, ಆ ಮುದುಕಗ ಇವತ್ತೇ ಇಳಿಸಿ ಕಳಿಸ್ರಿ, ಇನ್ನ ಲ್ಯಾಬಿನ ಮೆಟ್ಟಲ ಹತ್ತೂದು ಬ್ಯಾಡ, ನೀವು ರಿಪೋರ್ಟ್ ಬರೀರಿ, ಯಾರ ಮಾತಿನ ಮ್ಯಾಲ ಹಾಕಿದ, ಸಾಫ್ ಬರೀರಿ. ಅವಳ ಕೆಲಸ ಇನ್ನೂ ಕಾಯಂ ಆಗಿಲ್ಲ, ಮಾರ್ಚಿಗೆ ಆಗಬೇಕು, ಚಾಚಾನಿಗೆ ಅದು ಗೊತ್ತು, ಚೀಲ ಕಟ್ಟುವಾಗ ಕೇಳಿದಳು, ಯಾಕ ಹಂಗಂದ್ರಿ ಚಾಚಾ, ಪೈಪು ಹಿಡದ ಕೈ ನಂದೇ ಅಲ್ಲೇನು ಅಂದ, ಅಳಬ್ಯಾಡ, ಇಲ್ಲಿ ಕಣ್ಣೀರೂ ಗಡ್ಡಿ ಆಗ್ತಾವ, ಕೆರದು ತೆಗೀಬೇಕಾಗ್ತದ. ಅಂದು ಒಂದು ಗಳಿಗೆ ನಿಂತ. ಯಾಕೆ ನಿಂತ? ಅವಳು ಏನಾದರೂ ಅಂದಾಳೆಂದೇ? ಅವಳು ಮಫ್ಲರ್ ಕಟ್ಟಿಕೊಳ್ರಿ ಅಂದಳು, ಅಷ್ಟೇ.

ಮೇಜಿನ ಮೇಲೆ ರಿಪೋರ್ಟು, ದಿನಾಂಕ ತುಂಬಿದೆ, ತಾಪಮಾನ ತುಂಬಿದೆ, ಸೊನ್ನೆಗಿಂತ ಹನ್ನೆರಡು ಕೆಳಗೆ, ಯಾರ ಮಾತಿನ ಮೇಲೆ ಅನ್ನುವಲ್ಲಿ ಪೆನ್ನು ಮೂಡುತ್ತಿಲ್ಲ, ಚಳಿಗೆ ಮಸಿ ಕಟ್ಟಿದೆ, ಬಾಯಿಯ ಹತ್ತಿರ ಹಿಡಿದು ಊದಿದಳು, ಅಂಗೈಯಲ್ಲಿ ಉಜ್ಜಿದಳು, ಹೊರಗೆ ಜೀಪಿನ ಇಂಜಿನ್ ಕೆಮ್ಮಿತು, ಬಾಗಿಲು ಹತ್ತು ಹೆಜ್ಜೆ, ಪೆನ್ನು ಮೂಡಲಿ, ಬರೆದೇ ಹೋಗಿ ಹೇಳುತ್ತೇನೆ, ಬರೆದು ತೋರಿಸಿದರೆ ಜೀಪು ನಿಲ್ಲಿಸುತ್ತಾರೆ, ಹಾರನ್ ಒಂದು ಸಲ, ಊದಿದಳು, ಕಾಲಿನ ಬೆರಳು ಇವೆಯೋ ಇಲ್ಲವೋ ತಿಳಿಯುತ್ತಿಲ್ಲ, ಹಾರನ್ ಇನ್ನೊಂದು ಸಲ, ಆಮೇಲೆ ಚೈನು ಕಟ್ಟಿದ ಗಾಲಿ ಹಿಮ ಅಗಿಯುವ ಸದ್ದು, ತಿರುವು, ಸದ್ದಿಲ್ಲ. ಕಾಗದದ ಅಂಚಿನಲ್ಲಿ ಗೀರಿ ನೋಡಿದಳು. ನೀಲಿ ಗೆರೆ ಚೆನ್ನಾಗಿ ಮೂಡಿತು, ಮಸಿ ಬರುತ್ತಿದೆ, ಇನ್ನು ಬರೆಯಬಹುದು, ಮೂರೇ ಅಕ್ಷರದ ತನ್ನ ಹೆಸರು, ಕೆರೆದ ಗಾಜಿನ ತೂತಿನಲ್ಲಿ ಜೀಪು ಇದ್ದ ಜಾಗ ಬಯಲು, ಅದರಾಚೆ ಅಡ್ಡ ಏನೂ ಇಲ್ಲ ಈಗ, ಗೋಣಿ, ಬಾಗಿ, ಯಾರೂ ಹಿಡಿದಿಲ್ಲ, ನಿಂತಿದೆ.