ಅತ್ತಿಗೆಯ ಜೀಪು

ಹಳೇ ಜೀಪುಗಳನ್ನು ಕೊಂಡು, ಬಿಚ್ಚಿ, ಬಿಡಿಭಾಗ ಮಾರುವ ಆ ಅಂಗಳದಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು: ಓಡುವ ಗಾಡಿ ಇಲ್ಲಿ ನಿಲ್ಲುವುದಿಲ್ಲ, ನಿಂತ ಗಾಡಿ ಓಡುವುದಿಲ್ಲ. ಓಡುವಂಥದನ್ನು ಯಾರಾದರೂ ಕೊಂಡೊಯ್ಯುತ್ತಿದ್ದರು. ಉಳಿದವು ಇಟ್ಟಿಗೆಗಳ ಮೇಲೆ ಕೂತು, ಇವತ್ತೊಂದು ದೀಪ, ನಾಳೆಯೊಂದು ರೇಡಿಯೇಟರ್ ಎಂದು ಕೊಡುತ್ತಾ ಕೊಡುತ್ತಾ ಬರೀ ಎಲುಬಾಗುತ್ತಿದ್ದವು.

ಅಂಗಡಿಯವನಿಗೆ ಊರವರು ಇಟ್ಟ ಹೆಸರು ಇದೆಯಣ್ಣ. ಯಾರು ಏನು ಕೇಳಿದರೂ ಅವನು ಮೊದಲು "ಇದೆ" ಅನ್ನುತ್ತಿದ್ದ, ಹುಡುಕುವುದು ಆಮೇಲೆ. ಅವನ ಹೆಂಡತಿ ಗಿರಾಕಿಗಳಿಗೆಲ್ಲ ಅತ್ತಿಗೆ. ಗ್ರೀಸು ಮೆತ್ತಿದ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ, ಸದ್ದು ಕೇಳಿ ಬೇರೆಬೇರೆ ಡಬ್ಬಿಗೆ ಹಾಕುವ ಕೆಲಸ ಅವಳದು.

ಅಂಗಳದ ಮೂಲೆಯಲ್ಲಿ, ತಗಡಿನ ಸೂರಿನ ಕೆಳಗೆ, ಒಂದು ಹಸಿರು ಜೀಪು ನಿಂತಿತ್ತು. ಅದು ಮಾರಾಟಕ್ಕಲ್ಲ, ಅತ್ತಿಗೆಯದು. ಅವಳ ಅಕ್ಕನನ್ನು ಗುಡ್ಡದಿಂದ ಇಳಿಸಿ ತರುವುದಕ್ಕೆಂದೇ ಇಟ್ಟದ್ದು.

ಅಕ್ಕ ಗುಡ್ಡದ ತುದಿಯ ವೈರ್‌ಲೆಸ್ ಟವರಿನ ಕಾವಲುಗಾರನನ್ನು ಮದುವೆಯಾಗಿ ಹತ್ತಿದವಳು. ಅವನು ತೀರಿಕೊಂಡ. ಆಮೇಲೆ ಟವರೂ ಮುಚ್ಚಿತು, ಇಲಾಖೆಯ ಗಾಡಿ ಬರುವುದೂ ನಿಂತಿತು. ಅಷ್ಟರಲ್ಲಿ ಅಕ್ಕನ ಮಂಡಿಗಳು ಕೈಕೊಟ್ಟಿದ್ದವು. ಆ ಕಲ್ಲುದಾರಿಯ ಹೆಸರೆತ್ತಿದರೆ ಬಾಡಿಗೆ ಗಾಡಿಯವರು ದೂರದಿಂದಲೇ ಕೈಮುಗಿಯುತ್ತಿದ್ದರು. ಜನ ಹಿಡಿದು ಹೊತ್ತು ತರೋಣವೆಂದರೆ ಅಕ್ಕ ಫೋನಿನಲ್ಲೇ ಸಿಡಿದಳು: "ನಾನೇನು ಸಿಮೆಂಟ್ ಮೂಟೆ ಏನೇ? ಸತ್ತ ಮೇಲೆ ಹೊರೋದು ಇದ್ದೇ ಇದೆ. ಈಗ ಕೂತ್ಕೊಂಡು ಬರ್ತೀನಿ."

ಹೀಗೆ ಅತ್ತಿಗೆಯ ಜೀಪು ಶುರುವಾಯಿತು. ಆದರೆ ಅದು ಯಾವತ್ತೂ ಒಂದು ಸಾಮಾನಿನಷ್ಟು ಕಡಿಮೆಯೇ. ಸ್ಟೇರಿಂಗ್ ಕೂರಿಸಿದರೆ ರೇಡಿಯೇಟರ್ ಹೋಗಿರುತ್ತಿತ್ತು. ರೇಡಿಯೇಟರ್ ತಂದರೆ ಡೈನಮೋ ಮಾಯ. ದಾರಿಯಲ್ಲಿ ಗಾಡಿ ಕೆಟ್ಟು ನಿಂತವನು ಬಂದು ಅಳುಮೋರೆ ಹಾಕಿದರೆ ಇದೆಯಣ್ಣನ ಕೈ ತಾನಾಗಿ ಆ ಮೂಲೆಗೇ ಹೋಗುತ್ತಿತ್ತು. "ಮುಂದಿನ ವಾರ ಹಾಕಿಕೊಡ್ತೀನಿ ಕಣೆ, ಆಣೆ" ಅನ್ನುತ್ತಿದ್ದ. ಹಾಕಿಯೂ ಕೊಡುತ್ತಿದ್ದ, ಇನ್ನೊಂದನ್ನು ತೆಗೆಯುವ ಹೊತ್ತಿಗೆ.

"ನಿಮ್ಮ ಜೀಪು ನಮ್ಮ ಊರಿಗೇ ಅಕ್ಷಯಪಾತ್ರೆ ಬಿಡಿ ಅತ್ತಿಗೆ" ಎಂದು ಗಿರಾಕಿಯೊಬ್ಬ ನಕ್ಕಿದ್ದ. ಅವಳೂ ನಕ್ಕಿದ್ದಳು. ಒಳಗೆ ಹೋಗಿ ಪಾತ್ರೆ ಮಾತ್ರ ಸ್ವಲ್ಪ ಜೋರಾಗಿಯೇ ತೊಳೆದಿದ್ದಳು.

ಈ ಸಲ ಎಲ್ಲವೂ ಕೂಡಿಬಂದಂತಿತ್ತು. ಎಂಜಿನ್ ಒಂದೇ ಸಲಕ್ಕೆ ಎದ್ದಿತ್ತು. ಅಂಗಳದಲ್ಲಿ ಅವಳೇ ಹಿಂದೆ ಮುಂದೆ ಓಡಿಸಿ ನೋಡಿದ್ದಳು, ಬೆಣ್ಣೆಯ ಹಾಗೆ ಹೋಗಿತ್ತು. ಇದೆಯಣ್ಣ ಬೆಳಿಗ್ಗೆಯೇ ದೂರದ ಹರಾಜಿಗೆ ಹೊರಟು ನಿಂತವನು ಚಪ್ಪಲಿ ಮೆಟ್ಟುತ್ತಾ, ಅವಳ ಮುಖ ನೋಡದೆ ಹೇಳಿದ್ದ: "ನಾನು ಬರೋವರೆಗೂ ಗಾಡಿ ತೆಗೀಬೇಡ."

"ಯಾಕ್ರೀ?"

"ತೆಗೀಬೇಡ ಅಂದ್ರೆ ತೆಗೀಬೇಡ ಅಷ್ಟೇ."

ಅವನು ತಿರುವು ದಾಟಿದ ಮೇಲೆ ಅವಳು ಜೀಪಿನ ಮೂತಿಯ ಮೇಲೆ ಕೈಯಿಟ್ಟು ನಿಂತಳು. ಅವನು ಬರುವಷ್ಟರಲ್ಲಿ ಯಾರಾದರೂ ಬಂದೇ ಬರುತ್ತಾರೆ. ಅವರಿಗೊಂದು ಕಷ್ಟ ಇದ್ದೇ ಇರುತ್ತದೆ. ಅವನು ಇಲ್ಲದಿದ್ದರೆ ತಾನೇ ಸ್ಪ್ಯಾನರ್ ಎತ್ತಿಕೊಡುವವಳು, ಅದೂ ಅವಳಿಗೆ ಗೊತ್ತಿತ್ತು. ಕೇಳುವವರು ಬರುವ ಮೊದಲೇ ಹೊರಟುಬಿಡುವುದು ಮೇಲು. ಅಕ್ಕನಿಗೆ ಫೋನ್ ಮಾಡಿದಳು.

"ಇವತ್ತಾ?" ಎಂದಳು ಅಕ್ಕ. "ತಲೆ ಬಾಚ್ಕೋತೀನಿ ಇರು."

ಊರು ದಾಟಿತು, ಡಾಂಬರು ಮುಗಿಯಿತು. ಎಂಜಿನ್ನಿನ ಕಾವು ಪಾದಕ್ಕೆ ತಾಗುತ್ತಿತ್ತು. ಎಷ್ಟು ಜೀಪುಗಳನ್ನು ತೊಳೆದಿದ್ದಳೋ, ಒಂದರಲ್ಲೂ ಊರಾಚೆ ಹೋದವಳಲ್ಲ. ಗಾಳಿಗೆ ಕೂದಲು ಬಾಯೊಳಗೆ ಬಂದರೂ ಸರಿಸಿಕೊಳ್ಳಲಿಲ್ಲ. ಖಾಲಿ ಸೀಟಿನ ಕಡೆ ಆಗಾಗ ತಿರುಗಿ, "ಗಟ್ಟಿಯಾಗಿ ಹಿಡ್ಕೋ ಅಕ್ಕ" ಎಂದು ಹೇಳಿ ಅಭ್ಯಾಸ ಮಾಡಿದಳು.

ಗುಡ್ಡದ ಬುಡದ ಮೊದಲ ಏರಿನಲ್ಲೇ ಹಿಂದಿನ ಚಕ್ರಗಳು ಜಲ್ಲಿಯನ್ನು ತೂರುತ್ತಾ ನಿಂತಲ್ಲೇ ತಿರುಗಿದವು. ಇಂಥ ಜಾಗಕ್ಕೆಂದೇ ಇರುವ ಗಿಡ್ಡ ಲಿವರನ್ನು ಎಳೆದಳು. ಈಗ ಮುಂದಿನ ಚಕ್ರಗಳೂ ಎಳೆಯಬೇಕು. ಅವು ಎಳೆಯಲಿಲ್ಲ. ಮತ್ತೆ ಎಳೆದಳು. ಜೀಪು ಒಂದು ಮೊಳ ಹಿಂದಕ್ಕೇ ಜಾರಿತು.

ಚಕ್ರಕ್ಕೆ ಕಲ್ಲು ಕೊಟ್ಟು, ಬಗ್ಗಿ ಕೆಳಗೆ ನೋಡಿದಳು. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟ್ ಇರಬೇಕಾದ ಜಾಗದಲ್ಲಿ ಆಚೆ ಬದಿಯ ಹುಲ್ಲು ಕಾಣುತ್ತಿತ್ತು. ಅದಿಲ್ಲದೆಯೂ ಗಾಡಿ ಸಮತಟ್ಟಿನಲ್ಲಿ ಅಂದವಾಗಿ ಓಡುತ್ತದೆ. ಅಂಗಳದಲ್ಲಿ ಬೆಣ್ಣೆಯ ಹಾಗೆ ಓಡಿದ್ದೂ ಅದಕ್ಕೇ. ದಿನವಿಡೀ ಈ ಸಾಮಾನುಗಳನ್ನೇ ಒರೆಸುವವಳು ತನ್ನ ಗಾಡಿಯ ಹೊಟ್ಟೆಯನ್ನು ಬಗ್ಗಿ ನೋಡಿರಲಿಲ್ಲ.

ಫೋನ್ ಮಾಡಿದಳು. ಅತ್ತ ಹರಾಜಿನ ಗದ್ದಲ.

"ಬಗ್ಗಿ ನೋಡ್ದೆ" ಎಂದಳು. "ಖಾಲಿ."

ಗದ್ದಲ ದೂರವಾಯಿತು. ಅವನು ಪಕ್ಕಕ್ಕೆ ಬಂದಿರಬೇಕು. "ತೆಗೀಬೇಡ ಅಂದಿದ್ನಲ್ಲೇ..."

"ಯಾರಿಗೆ ಕೊಟ್ರಿ?"

"ದನದ ಡಾಕ್ಟ್ರಿಗೆ. ಗುಡ್ಡದಾಚೆ ಒಂದು ಹಸು ಕರು ಹಾಕೋಕಾಗದೆ ಒದ್ದಾಡ್ತಿತ್ತು. ಅವರ ಜೀಪಿನ ಶಾಫ್ಟ್ ಮುರಿದಿತ್ತು."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನೇ ಕೊಡಿ ಅಂತಿದ್ದೆ. ಆಮೇಲೆ ಅಡುಗೆಮನೆಗೆ ಹೋಗ್ತಿದ್ದೆ. ಅದನ್ನ ನೋಡೋಕಾಗಲ್ಲ ಕಣೆ ನನಗೆ." ಮತ್ತೆ ಹೇಳಿದ: "ಅದನ್ನೇ ತರೋಕೆ ಇಲ್ಲಿಗೆ ಬಂದಿದ್ದು. ಸಿಕ್ಕಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಅಲ್ಲಿಗೇ ತರ್ತೀನಿ."

"ಬಸ್ಸಲ್ಲಿ ಯಾರೂ ಕೇಳದಿದ್ರೆ ತನ್ನಿ" ಎಂದು ಫೋನ್ ಇಟ್ಟಳು. ಬೈಯಬೇಕೆಂದು ಇನ್ನೂ ಎಷ್ಟೋ ಮಾತು ಬಾಯಲ್ಲಿತ್ತು. ಹಸು ಬದುಕಿತೋ ಇಲ್ಲವೋ ಕೇಳಲಿಲ್ಲವಲ್ಲ ಎಂದು ಆಮೇಲೆ ನೆನಪಾಯಿತು.

ಬೀಗ ಹಾಕಿ ನಡೆಯತೊಡಗಿದಳು. ಮಳೆ ಕೊರೆದ ಕೊರಕಲು, ಮಂಡಿಯುದ್ದದ ಬಂಡೆ, ಜಾರುವ ಜಲ್ಲಿ. ಏರಿದಷ್ಟೂ ಗುಡ್ಡ ಇನ್ನಷ್ಟು ಮೇಲಕ್ಕೆ ಸರಿಯುತ್ತಿತ್ತು. ಒಬ್ಬಳೇ ಬರುವುದಾಗಿದ್ದರೆ ಎಂದೋ ಬರಬಹುದಿತ್ತು. ಇಷ್ಟು ವರ್ಷವೂ ಬರಿಗೈಲಿ ಬರಬಾರದೆಂದು ಕಾದಿದ್ದಳು. ಈಗ ಬರಿಗೈಲಿಯೇ ಬರುತ್ತಿದ್ದಳು. ಅಕ್ಕನಿಗೆ ಮುಂಚೆಯೇ ಫೋನ್ ಮಾಡಿ ಹೇಳಿಬಿಡೋಣವೆಂದು ಎರಡು ಸಲ ನಿಂತಳು. ಎರಡು ಸಲವೂ ಹಾಗೇ ಮುಂದೆ ನಡೆದಳು.

ಹೊತ್ತು ಇಳಿಯುವಾಗ ತುದಿ ಮುಟ್ಟಿದಳು. ತುಕ್ಕು ಹಿಡಿದ ಟವರಿನ ಕೆಳಗೆ ಒಂದೇ ಕೋಣೆಯ ಮನೆ. ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ಹೊರಗೆ ಕುರ್ಚಿಯಲ್ಲಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿಕೆ ಮುರಿಯದ ಬಟ್ಟೆ, ತೊಡೆಯ ಮೇಲೆ ಒಂದು ಗಂಟು. ಅಕ್ಕ ಇಷ್ಟು ಸಣ್ಣಗಾಗಿರುತ್ತಾಳೆಂದು ಫೋನಿನ ದನಿ ಯಾವತ್ತೂ ಹೇಳಿರಲಿಲ್ಲ.

ಅಕ್ಕ ಮೊದಲು ಅವಳನ್ನು ನೋಡಿದಳು. ಆಮೇಲೆ ಅವಳ ಹಿಂದಿನ ದಾರಿಯನ್ನು ನೋಡಿದಳು.

"ಗಾಡಿ?"

"ಕೆಳಗಿದೆ ಅಕ್ಕ."

"ಎಷ್ಟು ಕೆಳಗೆ?"

ಅತ್ತಿಗೆ ಅಕ್ಕನ ತೋಳಿಗೆ ಕೈಕೊಟ್ಟು ಎಬ್ಬಿಸಿ, ಅಂಚಿನ ಕಟ್ಟೆಯವರೆಗೆ ಹೆಜ್ಜೆ ಹೆಜ್ಜೆಯಾಗಿ ನಡೆಸಿದಳು. ಬುಡದಲ್ಲಿ, ಸಂಜೆಯ ನೆರಳು ಇನ್ನೂ ತಲುಪದ ಜಾಗದಲ್ಲಿ, ಬೆಂಕಿಪೆಟ್ಟಿಗೆಯಷ್ಟು ಹಸಿರು ಕಾಣುತ್ತಿತ್ತು. ಆದದ್ದನ್ನೆಲ್ಲ ಹೇಳಿದಳು. ದನದ ಡಾಕ್ಟರ ಮಾತು ಬಂದಾಗ ಅಕ್ಕ "ಪಾಪ, ಬಾಯಿಲ್ಲದ ಪ್ರಾಣಿ" ಎಂದಳು. ಮೊದಲ ಬಸ್ಸಿನ ಮಾತು ಬಂದಾಗ ಕಟ್ಟೆಯ ಮೇಲೆ ಆ ಹಸಿರನ್ನೇ ನೋಡುತ್ತಾ ಕೂತಳು.

"ನಾನು ಎಲ್ಲಿ ಕೂತ್ಕೋಬೇಕು ಅದರಲ್ಲಿ?"

"ಮುಂದೆ. ನನ್ನ ಪಕ್ಕ."

"ಹಿಡ್ಕೊಳ್ಳೋಕೆ ಏನಾದ್ರೂ ಇದ್ಯಾ?"

"ಇದೆ ಅಕ್ಕ. ಗಟ್ಟಿ ಕಂಬಿ ಇದೆ. ನಾನೇ ಉಜ್ಜಿ ಹಾಕ್ಸಿದೀನಿ."

ಗಾಳಿ ತಣ್ಣಗಾಯಿತು. ಬುಡದ ಹಸಿರು ಕಂದಾಗಿ, ಕಪ್ಪಾಗಿ, ಬಂಡೆಗಳ ಜೊತೆ ಸೇರಿಹೋಯಿತು. ಅತ್ತಿಗೆ ಬೀಗ ತೆಗೆದು ಹಾಸಿಗೆ ಹಾಸಿದಳು. ಗಂಟು ಬಿಚ್ಚಿ ಹೊದಿಕೆ ತೆಗೆಯಲು ಹೋದಾಗ ಅಕ್ಕ ಅವಳ ಕೈಹಿಡಿದಳು.

"ಬಿಚ್ಚಬೇಡ ಕಣೇ. ಮತ್ತೆ ಕಟ್ಟೋಕೆ ನನ್ನ ಕೈಲಿ ಆಗಲ್ಲ."

ಗಂಟನ್ನೇ ತಲೆದಿಂಬು ಮಾಡಿಕೊಂಡು, ಬಾಗಿಲ ಕಡೆಗೆ ಮುಖಮಾಡಿ ಮಲಗಿದಳು. ತಂಗಿ ತನ್ನ ಶಾಲನ್ನು ಬಿಡಿಸಿ ಇಬ್ಬರಿಗೂ ಹೊದಿಸಿದಳು. ಅದು ಇಬ್ಬರಿಗೆ ಸಾಲುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮಲಗುತ್ತಿದ್ದಷ್ಟು ಹತ್ತಿರಕ್ಕೆ ಸರಿದು, ಅಕ್ಕನ ನೋಯುವ ಮಂಡಿಯ ಮೇಲೆ ಅಂಗೈಯಿಟ್ಟು, ಬೆಳಗಾಗುವುದನ್ನು ಕಾದಳು.